ಬೀಡಿ ಬೆರಳಿಗೆ ನಾಲ್ಕು

20 ಎಂದು ಬರೆದಿತ್ತು. ಕೈಬರಹ ತನ್ನದೇ. ಎರಡರ ಬಾಲವನ್ನು ಸೊನ್ನೆಯ ಅಡಿಗೆ ಉದ್ದಕ್ಕೆ ಎಳೆದು, ಪೋಸ್ಟರಿನ ಮೇಲೆ ಹೀರೋ ಸಹಿ ಹಾಕಿದಂತೆ ಬಿಟ್ಟಿದ್ದ ರೀತಿ ನೋಡಿದರೆ ಬರೆದವನು ಬಹಳ ಖುಷಿಯಲ್ಲಿದ್ದ ಎಂದು ಯಾರಾದರೂ ಹೇಳಬಹುದಿತ್ತು. ಆರನೇ ಹಾಸಿಗೆಯ ಕಾಲಬಳಿ ನಿಂತು ಸ್ಟಾಫ್ ನರ್ಸ್ ಮಾಳೇಶ ಆ ಚಾರ್ಟನ್ನೇ ದಿಟ್ಟಿಸುತ್ತಿದ್ದ. ಮೊನ್ನೆ ಬೆಳಿಗ್ಗೆ ಉಸಿರು ಇಪ್ಪತ್ತು. ಮೊನ್ನೆ ಸಂಜೆ ಇಪ್ಪತ್ತು. ನಿನ್ನೆ ಇಡೀ ದಿನ ಇಪ್ಪತ್ತು. ಐದನೇ ಹಾಸಿಗೆಯ ಪಿತ್ತಕೋಶದ ಹರಳಿಗೂ ಇಪ್ಪತ್ತು, ಏಳನೇ ಹಾಸಿಗೆಯ ಸಕ್ಕರೆ ಕಾಯಿಲೆಗೂ ಇಪ್ಪತ್ತು, ಎಂಟನೇ ಹಾಸಿಗೆಯ ಮುರಿದ ತೊಡೆಗೂ ಇಪ್ಪತ್ತು. ನಿಪ್ಪಾಣಿಯ ಈ ನಲವತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ಜನರೆಲ್ಲ ಒಂದೇ ಬ್ಯಾಂಡಿನ ತಾಳಕ್ಕೆ ಉಸಿರಾಡಲು ಶುರು ಮಾಡುತ್ತಿದ್ದರು. ಯಾರೂ ಎಣಿಸುತ್ತಿರಲಿಲ್ಲ, ಎಲ್ಲರೂ ಬರೆಯುತ್ತಿದ್ದರು. ಈಗ, ಬೆಳಗಿನ ಎಂಟೂವರೆಗೆ, ಇಲ್ಲಿ ಸೇರಿದ ಎರಡು ವರ್ಷದಲ್ಲಿ ಮೊದಲ ಸಲ ಮಾಳೇಶ ಒಬ್ಬರ ಉಸಿರನ್ನು ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದ್ದ. ಮೂವತ್ತಾರು. ನಂಬಿಕೆ ಬರದೆ ಮತ್ತೊಂದು ನಿಮಿಷ ಎಣಿಸಿದ. ಮೂವತ್ತಾರೇ.

ಎಣಿಸಬೇಕೆಂದು ಅವನೇನೂ ಬಂದಿರಲಿಲ್ಲ. ದಿನದಂತೆ ಬಾಗಿಲಲ್ಲಿ ಒಂದು ಕಾಲು ಮುಂದಿಟ್ಟು, ಕಾಲರ್ ಎತ್ತಿ, ದನಿ ಗಡುಸು ಮಾಡಿ, "ಡ್ಯೂಟಿಗೆ ಬಂದೇನಿ. ರೋಗ ಯಾವುದರ ಇರಲಿ, ಹೊರಗ ಹೋಗಾಕ ಒಂದ ಬಾಗಲಾ!" ಎಂದು ಕೂಗಿಯೇ ಒಳಗೆ ಬಂದಿದ್ದ. ಹೆಂಗಸರ ವಾರ್ಡಿಗೆ ಬ್ರದರ್ ಯಾಕೆ ಎಂದು ಮೊದಮೊದಲು ಮುಖ ಸಿಂಡರಿಸಿದ ಮುದುಕಿಯರೇ ಈಗ ಅವನ ಡೈಲಾಗಿಗೆ ಕಾಯುತ್ತಿದ್ದರು. ಏಳನೇ ಹಾಸಿಗೆಯ ರಾಮವ್ವ ಸೀಟಿ ಹೊಡೆಯಲು ಹೋಗಿ ಹಲ್ಲಿಲ್ಲದೆ ಉಗುಳು ಹಾರಿಸಿದಳು. ಆರನೇ ಹಾಸಿಗೆಯ ತಾರವ್ವ ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ಕೂತು, ಬಲಪಕ್ಕೆಯನ್ನು ಮೊಣಕೈಯಿಂದ ಅದುಮಿಕೊಂಡು, "ತಮ್ಮಾ... ನೀರ..." ಎಂದಳು. ಆ ಎರಡು ಶಬ್ದಗಳ ನಡುವೆ ಅವಳು ಒಂದು ಉಸಿರು ಎಳೆದುಕೊಂಡಳು. ನೀರಿನ ಲೋಟ ಕೊಡುವಾಗ ಅವಳ ಸೀರೆಯ ಸೆರಗಿನಡಿ ಹೊಟ್ಟೆ ಪಟಪಟನೆ ಬಡಿದುಕೊಳ್ಳುವುದು ಕಂಡಿತು, ಮತ್ತು ಅದು ಕಂಡ ಕ್ಷಣ ಮಾಳೇಶ ವಾರ್ಡಿನಲ್ಲಿರಲಿಲ್ಲ, ಅಥಣಿ ಕಡೆಯ ಅನಂತಪುರದ ಹೊಲವೊಂದರಲ್ಲಿ, ಕುರಿ ತುಂಬಿದ ಬಲೆಯ ಹೊರಗೆ, ಚಳಿಗೆ ಕಂಬಳಿ ಹೊದ್ದು ನಿಂತಿದ್ದ. ಅಪ್ಪ ಭೀಮಸಿ ಕುಕ್ಕರುಗಾಲಲ್ಲಿ ಕೂತು ಕೋಲು ಚಾಚಿದ್ದ. "ಆ ಕರಿ ಮುಖದ್ದ ನೋಡಲೇ. ಮೇಯವಲ್ದು, ನಿಂತೈತಿ. ಪಕ್ಕಿ ಎಷ್ಟ ಸಲ ಹೊಡಕೊಳ್ಳಾಕತ್ತೈತಿ?" ಬಹಳ, ಎಂದಿದ್ದ ಮಾಳೇಶ. "ಬಹಳ ಅಂದ್ರ ಎಷ್ಟಲೇ?" ಎಣಿಸದೆ ಉತ್ತರ ಕೊಟ್ಟದ್ದಕ್ಕೆ ಅಪ್ಪ ಬಯ್ಯಲಿಲ್ಲ, ತಾನೇ ಎದ್ದು ಹೋಗಿ ಕುರಿಯ ಪಕ್ಕೆಗೆ ಕಿವಿ ಹಚ್ಚಿದ. ಆ ಕಂಬಳಿಯ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಮಾಳೇಶ ನರ್ಸಿಂಗ್ ಓದಿದ್ದ, ಬಿಳಿ ಅಂಗಿಗೆ ವಾರಕ್ಕೆರಡು ಸಲ ಇಸ್ತ್ರಿ ಹಾಕಿಸುತ್ತಿದ್ದ. ಅಕ್ಷರ ಬಾರದ ಅಪ್ಪ ಎಣಿಸುತ್ತಿದ್ದ, ನಾಲ್ಕು ವರ್ಷ ಓದಿದ ಮಗ ಬರೆಯುತ್ತಿದ್ದ. ಈ ಯೋಚನೆ ಬಂದದ್ದಕ್ಕೆ ಅವನಿಗೆ ಅಪ್ಪನ ಮೇಲೆಯೇ ಸಿಟ್ಟು ಬಂತು.

ಬೆರಳಿಗೆ ಹಾಕುವ ಆಕ್ಸಿಜನ್ ಯಂತ್ರವನ್ನು ತಾರವ್ವನ ತೋರುಬೆರಳಿಗೆ ಕಚ್ಚಿಸಿದ. ಎಂಬತ್ತಾರು. ಯಂತ್ರದ ಬೆನ್ನಿಗೆ ಅಂಟುಪಟ್ಟಿ ಹಚ್ಚಿ ಬಾಲ್‌ಪೆನ್ನಿನಲ್ಲಿ 'ಬೀಡಿ +4' ಎಂದು ಬರೆದಿತ್ತು. ಅದನ್ನು ಯಾರು ಬರೆದರೋ ಯಾರಿಗೂ ನೆನಪಿಲ್ಲ. ಕೊರೊನಾ ಕಾಲದಲ್ಲಿ ಹಾಸಿಗೆ ಸಾಲದೆ ಜನ ಕಾರಿಡಾರಿನಲ್ಲಿ ಮಲಗಿದ್ದಾಗ, ಬೀಡಿ ಕಟ್ಟುವ ಹೆಂಗಸರ ಬೆರಳು ತಂಬಾಕಿನಿಂದ ಕಂದಿರುತ್ತವೆ, ಯಂತ್ರದ ಕೆಂಪು ಬೆಳಕು ಅದರೊಳಗೆ ದಾಟುವುದಿಲ್ಲ, ಅದಕ್ಕೇ ಅಂಕಿ ಕಡಿಮೆ ಬರುತ್ತದೆ, ನಾಲ್ಕು ಕೂಡಿಸಿಕೊಳ್ಳಿ ಎಂದು ಯಾರೋ ಹೇಳಿದರಂತೆ. ಹೇಳಿದವರು ಹೋದರು, ನಾಲ್ಕು ಉಳಿಯಿತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಮಾಳೇಶನಿಗೆ ಇದನ್ನು ಕಲಿಸಿದ್ದರು. ಪುಸ್ತಕದಲ್ಲಿಲ್ಲದ ಊರಿನ ಗುಟ್ಟೊಂದು ಸಿಕ್ಕಿತೆಂದು ಅವನು ಉಬ್ಬಿದ್ದ ಕೂಡ. ಊರಿನ ಅರ್ಧ ಹೆಂಗಸರು ಬೀಡಿ ಕಟ್ಟುವವರೇ. ಅವರೆಲ್ಲರ ರಕ್ತಕ್ಕೆ ಆಸ್ಪತ್ರೆ ನಾಲ್ಕು ನಾಲ್ಕು ಪುಕ್ಕಟೆ ದಾನ ಮಾಡುತ್ತಿತ್ತು. ನಿನ್ನೆ ತಾರವ್ವನಿಗೆ ಯಂತ್ರ ತೊಂಬತ್ತು ತೋರಿಸಿತ್ತು, ತಾನು ತೊಂಬತ್ತನಾಲ್ಕು ಬರೆದಿದ್ದ. ಅದಷ್ಟೇ ಆಗಿದ್ದರೆ ಮಾಳೇಶ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ನಿನ್ನೆ ಮಧ್ಯಾಹ್ನ ತಾರವ್ವ ಕಣ್ಣು ಅರೆಮುಚ್ಚಿ, ಹೊದಿಕೆಯ ಅಂಚನ್ನು ಎರಡೂ ಕೈಬೆರಳುಗಳಿಂದ ಹೊಸೆಯುತ್ತ, ಮಡಚುತ್ತ, ಮತ್ತೆ ಹೊಸೆಯುತ್ತ ಕೂತಿದ್ದಳು, ಇಲ್ಲದ ಎಲೆಯಲ್ಲಿ ಇಲ್ಲದ ತಂಬಾಕು ಹಾಕಿ ಸುತ್ತುವಂತೆ. ಮಾಳೇಶ ವಿಲನ್ ದನಿ ತೆಗೆದು, "ತಾರವ್ವಾ! ಇಲ್ಲೂ ಓವರ್‌ಟೈಮ್ ಹಚ್ಚೀಯೇನ? ಈ ವಾರ್ಡ್‌ನ್ಯಾಗ ನನ್ನ ಪರ್ಮಿಶನ್ ಇಲ್ದ ಒಂದ ಬೀಡೀನೂ ಹುಟ್ಟಂಗಿಲ್ಲ!" ಎಂದಿದ್ದ. ವಾರ್ಡಿಗೆ ವಾರ್ಡೇ ನಕ್ಕಿತ್ತು. ಮೆದುಳಿಗೆ ಗಾಳಿ ಸಾಲದಾದಾಗ ಮನುಷ್ಯರು ಹಾಗೆ ಹೊದಿಕೆ ಹೆಕ್ಕುತ್ತಾರೆ ಎಂದು ಎರಡನೇ ವರ್ಷದ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದವನೇ ಅವನು. ಐದಕ್ಕೆ ಐದು ಬಂದಿತ್ತು.

ವಾರ್ಡಿನ ಹಿರಿಯ ಸಿಸ್ಟರ್ ನೀಲಮ, ಮೇಜಿನ ಹಿಂದೆ ಮಾತ್ರೆಗಳನ್ನು ಪೊಟ್ಟಣ ಕಟ್ಟುತ್ತಿದ್ದಳು.

"ಸಿಸ್ಟರ್, ಆರನೇ ಬೆಡ್ಡಿನಾಕಿ ಉಸರ ಮೂವತ್ತಾರ ಐತ್ರಿ. ಆಕ್ಸಿಜನ್ ಎಂಬತ್ತಾರ."

"ಎಂಬತ್ತಾರ ಅಂದ್ರ ತೊಂಬತ್ತ. ಬರಿ."

"ಮೂವತ್ತಾರಕ್ಕ ಏನ ಕೂಡಸ್ಲಿ?"

ನೀಲಮ ತಲೆ ಎತ್ತಿದಳು. "ಮಾಳ್ಯಾ, ಮುಂಜಮುಂಜಾನೆ ಡೋಕಂ ಖಾಊ ನಕೋ. ತಲಿ ತಿನಬ್ಯಾಡ. ನಲವತ್ತ ವರ್ಷ ಬೀಡಿ ಕಟ್ಟ್ಯಾಳ, ತಂಬಾಕಿನ ಧೂಳ ಕುಡದಾಳ. ದಮ್ಮ ಇರಲಾರದ ಏನ ಇರತೈತಿ?"

"ದಮ್ಮಿದ್ರ ಎರಡೂ ಕಡೆ ಸೀಟಿ ಹೊಡಿಬೇಕ್ರಿ. ಇಕಿ ಬಲಗಡಿ ಪಕ್ಕಿ ಏಳವಲ್ದು. ಕೆಳಗ ಉಸರಿನ ಸಪ್ಪಳನ ಇಲ್ಲ. ಮೈ ಬಿಸಿ ಅಷ್ಟೇನಿಲ್ಲ ಖರೆ, ವಯಸ್ಸಾದವ್ರಿಗೆ ಜ್ವರ ಏರಲಾರದನೂ ಎದಿಯಾಗ ಕಫ ಗಟ್ಟಿ ಆಗತೈತಿ. ನಿನ್ನಿಂದ ಭ್ರಮಿಷ್ಟರಂಗ ಮಾಡಾಕತ್ತಾಳ..."

"ಕಿವ್ಯಾಗ ಹಾಕ್ಕೊಂಡ ನೋಡಿದೇನ?" ನೀಲಮಳ ಕಣ್ಣು ಅವನ ಕೊರಳಲ್ಲಿದ್ದ ಸ್ಟೆತೊಸ್ಕೋಪಿನ ಮೇಲಿತ್ತು. "ಅದನ್ನ ತಗದ ಬ್ಯಾಗಿನ್ಯಾಗ ಇಡು ಮೊದ್ಲ. ಸರ್ ರೌಂಡಿಗೆ ಬರೋ ಹೊತ್ತಾತು."

ಅದು ಅವನ ಮೊದಲ ಸಂಬಳದಲ್ಲಿ ಕೊಂಡ ಸ್ಟೆತೊಸ್ಕೋಪು. ಕೊಂಡ ವಾರವೇ ಅದನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದಾಗ, ಡಾಕ್ಟರ್ ವಿಕ್ರಾಂತ ಎಲ್ಲರ ಮುಂದೆ, "ಏನ್ರಿ ಬ್ರದರ್, ಶೂಟಿಂಗ್ ಐತೇನು? ಬಾಡಿಗಿಗೆ ತಂದೀರಿ?" ಎಂದು ಕೇಳಿದ್ದ. ಅಂದು ಮಾಳೇಶನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ನಗಿಸುವವನಿಗೆ ಅದೊಂದು ಅನುಕೂಲ, ತನ್ನ ಮರ್ಯಾದೆ ಹೋಗುವಾಗಲೂ ತಾನೇ ತಾಳ ಹಾಕಬಹುದು. ಈಗ ಸ್ಟೆತೊಸ್ಕೋಪನ್ನು ತೆಗೆಯಲು ಕೈ ಕೊರಳಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಯಾವನೋ ಗೀಚಿದ ನಾಲ್ಕಕ್ಕೆ ಇರುವ ಕಿಮ್ಮತ್ತು ತಾನು ಕಿವಿಯಿಂದ ಕೇಳಿದ್ದಕ್ಕಿಲ್ಲ, ಕಣ್ಣಿಂದ ಕಂಡದ್ದಕ್ಕಿಲ್ಲ. ಗೌಂಡಿ ಗೋಡೆ ಬಿರುಕು ಬಿಟ್ಟಿದೆ ಎಂದರೆ ಮನೆಯವರು ಎದ್ದು ನೋಡುತ್ತಾರೆ. ನರ್ಸು ರೋಗಿ ಸಾಯುತ್ತಿದ್ದಾಳೆ ಎಂದರೆ ಬ್ಯಾಗಿನಲ್ಲಿ ಇಡು ಎನ್ನುತ್ತಾರೆ.

ಹತ್ತು ಗಂಟೆಗೆ ಡಾಕ್ಟರ್ ವಿಕ್ರಾಂತ ಸೆಂಟಿನ ವಾಸನೆಯೊಂದಿಗೆ ಬಂದ. ಅಷ್ಟರಲ್ಲಿ ತಾರವ್ವನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಹಾಸಿಗೆಯ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದ ಅವಳ ಮಗಳು ಭಾಗ್ಯಾ ಎದ್ದು ನಿಂತಳು. ಮೂವತ್ತರ ಹೆಂಗಸು, ಅವಳೂ ಬೀಡಿ ಕಟ್ಟುವವಳೇ, ಮೂರು ದಿನದಿಂದ ಕೆಲಸ ಬಿಟ್ಟು ಇಲ್ಲಿದ್ದಳು. ಡಾಕ್ಟರು ಅವಳನ್ನು ನೋಡಲಿಲ್ಲ, ತಾರವ್ವನನ್ನೂ ನೋಡಲಿಲ್ಲ, ಚಾರ್ಟು ನೋಡಿದ. "ಉಸಿರು ಇಪ್ಪತ್ತು, ಆಕ್ಸಿಜನ್ ತೊಂಬತ್ನಾಲ್ಕು. ಛಂದ ಅದಾರಲ್ಲ. ಅದೇ ದಮ್ಮಿನ ಔಷಧ ನಡಸ್ರಿ."

"ಸರ್, ಅದು ನಿನ್ನಿದು. ಇವತ್ತ ಮೂವತ್ತಾರು, ಎಂಬತ್ತಾರು. ಬಲಗಡಿ ಕೆಳಗ ಗಾಳಿ ಹೋಗವಲ್ದು. ಮಾತ ಮುಗಸಾಕ ಆಗವಲ್ದು. ಇಲ್ಲಿ ಇಟ್ಕೊಳ್ಳೋ ಕೇಸ್ ಅಲ್ರಿ ಸರ್ ಇದು."

ವಿಕ್ರಾಂತ ಚಾರ್ಟಿನ ಮೇಲೆ ಬೆರಳಿಟ್ಟ. "ಇದು ಯಾರ ಕೈ?"

"ನಂದ್ರಿ."

"ನಿನ್ನೆ ಸಂಜಿಕ ಇಪ್ಪತ್ತು, ಇವತ್ತ ಮುಂಜಾನೆ ಮೂವತ್ತಾರು. ಹಂಗಾರ ನಿನ್ನೆ ಸುಳ್ಳ ಬರದ್ರೋ, ಇವತ್ತ ಸುಳ್ಳ ಹೇಳಾಕತ್ತೀರೋ?"

ಅದೊಂದು ಸರಳ ಪ್ರಶ್ನೆ. ಉತ್ತರ ಮಾಳೇಶನ ನಾಲಿಗೆಯ ತುದಿಯಲ್ಲಿತ್ತು. ನಿನ್ನೆ, ಸರ್. ನಿನ್ನೆ ಸುಳ್ಳು. ನಾನೊಬ್ಬನೇ ಅಲ್ಲ, ಎಲ್ಲರೂ, ಎಲ್ಲ ಹಾಸಿಗೆಗೂ. ಆದರೆ ನೀಲಮಳ ಕಣ್ಣು ತನ್ನ ಮೇಲಿದೆ, ವಾರ್ಡಿನ ಕಣ್ಣೆಲ್ಲ ತನ್ನ ಮೇಲಿದೆ. ಉತ್ತರ ನಾಲಿಗೆಯಿಂದ ಜಾರಿ ಒಳಗೆ ಹೋಯಿತು, ಅದರ ಜಾಗಕ್ಕೆ ಕೆಂಡದಂಥ ಸಿಟ್ಟು ಬಂದು ಕೂತಿತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು ಎಂದೂ ಅನಿಸಿತು.

"ಬೀಡಿ ಬೆರಳ್ರಿ ಅದು," ವಿಕ್ರಾಂತ ಮುಂದಿನ ಹಾಸಿಗೆಗೆ ತಿರುಗಿದ್ದ. "ಕುರಿ ಎಣಿಸಿದಂಗ ಅಲ್ರಿ ಬ್ರದರ್, ಮನಷ್ಯಾರನ್ನ ನೋಡೋದು."

ಯಾರೋ ಕಿಸಕ್ಕೆಂದರು. ಮಾಳೇಶ ಈ ಸಲ ನಗಲಿಲ್ಲ. ಯಂತ್ರವನ್ನು ತಾರವ್ವನ ಬೆರಳಿನಿಂದ ಕಿತ್ತು, "ಅಕ್ಕಾರ, ಕೈ ಕೊಡ್ರಿ," ಎಂದು ಭಾಗ್ಯಾಳ ಬಲಗೈ ಹಿಡಿದ. ಅವಳು ಗಾಬರಿಯಾಗಿ ಸೆರಗಿಗೆ ಬೆರಳು ಒರೆಸಿಕೊಳ್ಳಲು ಹೋದಳು. "ಒರಸಬ್ಯಾಡ್ರಿ. ಹಂಗ ಇರ್ಲಿ." ಉಗುರಿನ ಸುತ್ತ, ಗೆಣ್ಣಿನ ಗೆರೆಗಳಲ್ಲಿ, ಅವ್ವನ ಬೆರಳಿಗಿಂತ ದಟ್ಟವಾಗಿ ತಂಬಾಕಿನ ಕಂದು ಕೂತಿತ್ತು. ಯಂತ್ರ ಮಿಣುಕಿತು, ಅಂಕಿ ಹುಡುಕಾಡಿತು, ನಿಂತಿತು.

"ಸರ್," ಎಂದ ಮಾಳೇಶ. ಬೇಕೆಂದು ತೆಗೆಯದಿದ್ದರೂ ಅವನ ದನಿ ಕೊನೆಯ ರೀಲಿನ ದನಿಯಾಗಿತ್ತು. "ಇದೂ ಬೀಡಿ ಬೆರಳ. ತೊಂಬತ್ತೆಂಟ ಬಂದೈತಿ. ರೂಲ್ಸ್ ಪ್ರಕಾರ ನಾಲ್ಕ ಕೂಡಸ್ಲ್ಯಾ? ನೂರಾ ಎರಡ ಆಗತೈತಿ. ನೂರಕ್ಕ ನೂರಾ ಎರಡ! ಈ ಅಕ್ಕಾರನ್ನ ಸಿಲಿಂಡರ್ ಬದ್ಲಿ ಗ್ವಾಡಿಗೆ ನಿಲ್ಲಸ್ರಿ, ಇಡೀ ವಾರ್ಡಿಗೆ ಆಕ್ಸಿಜನ್ ಆಕ್ಕೈತಿ."

"ನನಗೊಂದ ಹಾಕಪಾ," ಎಂದು ರಾಮವ್ವ ಏಳನೇ ಹಾಸಿಗೆಯಿಂದ ಬೆರಳು ಚಾಚಿದಳು. "ನಾನೂ ಮೂವತ್ತ ವರ್ಷ ಕಟ್ಟೇನಿ. ನಾ ಪಾಸ ಆಕ್ಕೇನೇನ ನೋಡೂಣು." ರಾಮವ್ವನಿಗೆ ತೊಂಬತ್ತೇಳು ಬಂತು. ವಾರ್ಡು ನಕ್ಕಿತು, ಆದರೆ ಈ ಸಲದ ನಗೆ ಬೇರೆ ದಿಕ್ಕಿಗೆ ಹರಿಯಿತು. ವಿಕ್ರಾಂತನ ಕಿವಿ ಕೆಂಪಾದವು. ಮಾಳೇಶ ಯಂತ್ರವನ್ನು ಮತ್ತೆ ತಾರವ್ವನಿಗೆ ಹಾಕಿದ. ಎಂಬತ್ತೈದು. ಈಗ ಯಾರೂ ನಗಲಿಲ್ಲ. ಡಾಕ್ಟರು ಮೂರು ದಿನದಲ್ಲಿ ಮೊದಲ ಸಲ ಅವಳ ಬೆನ್ನಿನ ಬಲಭಾಗಕ್ಕೆ ತನ್ನ ಸ್ಟೆತೊಸ್ಕೋಪನ್ನು ಇಟ್ಟ. ಮೇಲೆ ಕೇಳಿದ, ಕೆಳಗೆ ಕೇಳಿದ, ಮತ್ತೆ ಕೆಳಗೆ ಬಹಳ ಹೊತ್ತು ಕೇಳಿದ. ಎದ್ದಾಗ ಅವನ ದನಿ ತಗ್ಗಿತ್ತು. "ಆಕ್ಸಿಜನ್ ಹಚ್ರಿ. ಕೊಲ್ಹಾಪುರಕ್ಕ ಫೋನ್ ಮಾಡ್ರಿ, ಐಸಿಯು ಬೇಕಂತ ಹೇಳ್ರಿ. ಬ್ರದರ್, ನೀವ ಜೋಡಿ ಹೋಗ್ರಿ."

ಗೆದ್ದಿದ್ದ. ಸಿಲಿಂಡರನ್ನು ಉರುಳಿಸಿಕೊಂಡು ಬರುವಾಗ ಎದೆ ಬೀಗಿ, ಹಿನ್ನೆಲೆಯಲ್ಲಿ ತಮಟೆಯೇ ಕೇಳಿದಂತಾಯಿತು. ಡಾಕ್ಟರು ಮೇಜಿನ ಮೇಲೆ ಪತ್ರ ಬರೆಯುತ್ತಿದ್ದ. ಮಾಳೇಶ ಭುಜದ ಮೇಲಿಂದ ಇಣುಕಿದ. ಇಂಗ್ಲಿಷಿನಲ್ಲಿ ಎರಡು ಸಾಲು: ನಿನ್ನೆಯವರೆಗೆ ಸ್ಥಿತಿ ಚೆನ್ನಾಗಿತ್ತು, ಇಂದು ಬೆಳಿಗ್ಗೆ ಒಮ್ಮೆಲೇ ಉಸಿರಾಟದ ತೊಂದರೆ ಕಾಣಿಸಿತು. ಒಮ್ಮೆಲೇ. ಆ ಶಬ್ದ ನೋಡಿ ಮಾಳೇಶನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ಚಳಿಯಲ್ಲಿ ಯಾರೋ ಕಂಬಳಿ ಹೊದಿಸಿದಂಥ, ನಾಚಿಕೆಗೇಡಿನ ನಿರಾಳ. ನೀಲಮ ಸೂಜಿಯ ಪೆಟ್ಟಿಗೆ ಕೊಡುವ ನೆಪದಲ್ಲಿ ಹತ್ತಿರ ಬಂದು, "ಆತಲ್ಲ ನಿನ್ನ ಸಿನಿಮಾ? ಇನ್ನ ಗಪ್ ಬಸ್, ಸುಮ್ನ ಕುಂದ್ರು. ಚಾರ್ಟಿನ್ಯಾಗ ನಿನ್ನ ಕೈನೂ ಐತಿ, ನನ್ನ ಕೈನೂ ಐತಿ," ಎಂದು ಪಿಸುಗುಟ್ಟಿದಳು.

ಆಂಬ್ಯುಲೆನ್ಸ್ ಡ್ರೈವರ್ ಹೆದ್ದಾರಿಗೆ ಏರಿದವನೇ ಸೈರನ್ ಹಾಕಿದ. ಒಳಗೆ ತಾರವ್ವ ಎತ್ತರಿಸಿದ ಸ್ಟ್ರೆಚರಿನಲ್ಲಿ ಮಾಸ್ಕಿನ ಹಿಂದೆ ಕಣ್ಣು ಮುಚ್ಚಿದ್ದಳು. ಎದುರಿಗೆ ಭಾಗ್ಯಾ, ಮಡಿಲಲ್ಲಿ ಪತ್ರ. ಕೊಗನೊಳ್ಳಿ ಟೋಲ್ ದಾಟುವವರೆಗೆ ಅವಳು ಅವನಿಗೆ ಎರಡು ಸಲ ಕೈ ಮುಗಿದಳು. "ನೀವ ಇರಲಿಲ್ಲಂದ್ರ ನಮ್ಮವ್ವನ್ನ ಯಾರೂ ನೋಡ್ತಿರಲಿಲ್ಲಣ್ಣಾರ. ಬಾಯಿ ಮಾಡಿ ಮಾಡಿ ಹೇಳಿದ್ರಿ." ಮಾಳೇಶ ತಲೆ ಅಲ್ಲಾಡಿಸಿದ. ಆಮೇಲೆ ಅವಳು ಪತ್ರ ಬಿಚ್ಚಿದಳು. "ಇದರಾಗ ಏನ ಬರದಾರ್ರಿ?"

ಓದಿ ಹೇಳಿದ. ಇವತ್ತ ಮುಂಜಾನೆ ಒಮ್ಮೆಲೇ, ಎಂಬಲ್ಲಿಗೆ ಬಂದಾಗ ಅವಳು ತಡೆದಳು.

"ಒಮ್ಮೆಲೇ ಅಲ್ಲಲ್ರಿ. ಮೊನ್ನಿಂದ ಹಂಗ ಮಾಡಾಕತ್ತಾಳ. ಮಾತಾಡುವಾಗ ನಿಂದ್ರತಾಳ, ಒಂದ ಮಗ್ಗಲಾಗ ಚುಚ್ಚತೈತಿ ಅಂತಾಳ. ನಿಮಗ ಹೇಳಲಿಲ್ಲೇನ ನಾ?"

ಹೇಳಿದ್ದಳು. ಮೊನ್ನೆ ಸಂಜೆ, ಮೊಬೈಲಿನಲ್ಲಿ ರೀಲ್ಸ್ ನೋಡುತ್ತ ನಿಂತವನಿಗೆ, ಅಣ್ಣಾರ, ಅವ್ವ ತಡದ ತಡದ ಮಾತಾಡಾಕತ್ತಾಳ್ರಿ ಎಂದಿದ್ದಳು. ಅವನು, ಹೆಂಗಸೂರು ತಡದ ಮಾತಾಡಿದ್ರ ಮನಿಗೆ ಛಲೋ ಆತಲ್ಲ ಎಂದಿದ್ದ. ಅವಳೂ ಪಾಪ ನಕ್ಕು ಹೋಗಿದ್ದಳು.

"ಹೇಳಿದ್ರಿ."

ಭಾಗ್ಯಾ ತನ್ನ ಬಲಗೈಯನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು. ಏನನ್ನೋ ಕೂಡಿಸಿ ಕಳೆಯುವವಳ ಮುಖ. ಸೈರನ್ನಿನ ಸದ್ದಿನಲ್ಲೂ ಅವಳು ದನಿ ಏರಿಸಲಿಲ್ಲ. "ನನ್ನ ಬೆರಳಿಗೆ ನಿನ್ನೆ ಯಾಕ ಹಾಕಲಿಲ್ರಿ? ಮೂರ ದಿನ ನಾ ಅಲ್ಲೇ ಕುಂತಿದ್ನೆಲ್ಲ. ಆಗೂ ಬೆರಳ ಇವ ಇದ್ದೂ."

ದೂಧಗಂಗೆಯ ಸೇತುವೆ ಬಂತು. ಮಾಳೇಶನಿಗೆ ಗೊತ್ತಿದ್ದ ಡೈಲಾಗುಗಳೆಲ್ಲ ಒಂದೊಂದಾಗಿ ಮುಂದೆ ಬಂದು ಮುಖ ತೋರಿಸಿ ಹೋದವು. ಯಾವುದಕ್ಕೂ ಈ ಪ್ರಶ್ನೆಗೆ ಎದುರು ನಿಲ್ಲುವ ಧೈರ್ಯವಿರಲಿಲ್ಲ. "ನಿನ್ನೆ ತೊಂಬತ್ತ ತೋರಿಸಿತ್ರಿ," ಎಂದ. "ತೊಂಬತ್ನಾಕ ಬರದೆ. ಉಸರ ಎಣಸಲ ಇಲ್ಲ. ಇಪ್ಪತ್ತಂತ ಬರದೆ. ಎಲ್ಲಾರೂ ಹಂಗ ಬರೀತಾರ."

"ಎಲ್ಲಾರ ಮಾತ ಬಿಡ್ರಿ." ಅವಳು ಅವನ ಕಡೆ ತಿರುಗಿದಳು. "ಮತ್ತ ಡಾಕ್ಟರ್ ಮ್ಯಾಲ ಅಷ್ಟ ಸಿಟ್ಟ ಮಾಡಿದ್ರೆಲ್ಲ, ಯಾವ ಮಾರಿ ಇಟ್ಕೊಂಡ ಮಾಡಿದ್ರಿ?"

ಮಾಳೇಶ ತಾರವ್ವನ ಮಾಸ್ಕು ಸರಿಪಡಿಸಿದ. ಸಿಟ್ಟು ಇನ್ನೂ ಹಾಗೇ ಇತ್ತು, ಬಿಸಿಯೂ ಅಷ್ಟೇ ಇತ್ತು, ಆದರೆ ಅದು ಇಷ್ಟು ಹೊತ್ತು ವಿಕ್ರಾಂತನ ಕಡೆ, ನೀಲಮಳ ಕಡೆ ಓಡುತ್ತಿದ್ದದ್ದು ತಿರುಗಿ ಬಂದು ಆಂಬ್ಯುಲೆನ್ಸಿನ ತಗಡಿನ ಗೋಡೆಗಳ ನಡುವೆ ತನ್ನ ಪಕ್ಕದಲ್ಲೇ ಕೂತಿತು. ತಾರವ್ವನ ಹೊಟ್ಟೆ ಬಡಿದುಕೊಳ್ಳುತ್ತಲೇ ಇತ್ತು. ಆಗ ಅವನಿಗೆ ಹೊಳೆಯಿತು. ಅಲ್ಲಿಯ ಡಾಕ್ಟರಿಗೆ ಈಕೆ ಯಾರೆಂದು ಗೊತ್ತಿಲ್ಲ. ಪತ್ರವೇ ಅವರ ಕಣ್ಣು. ಒಮ್ಮೆಲೇ ಎಂದರೆ ಅವರು ಒಮ್ಮೆಲೇ ಬರುವ ರೋಗವನ್ನು ಹುಡುಕುತ್ತಾರೆ. ಹೃದಯ ನೋಡುತ್ತಾರೆ, ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುತ್ತಾರೆ, ಸ್ಕ್ಯಾನಿಗೆ ಉರುಳಿಸುತ್ತಾರೆ. ಮೂರು ದಿನದಿಂದ ಬಲ ಪುಪ್ಪುಸದಲ್ಲಿ ಗಟ್ಟಿಯಾಗುತ್ತ ಬಂದದ್ದಕ್ಕೆ ಸರಿಯಾದ ಔಷಧ ಹಚ್ಚುವುದು ಅಷ್ಟು ತಾಸು ತಡವಾಗುತ್ತದೆ. ಅಷ್ಟು ತಾಸು ಇವಳ ಹತ್ತಿರ ಇಲ್ಲ. ತನ್ನನ್ನು ಬೆಚ್ಚಗೆ ಮುಚ್ಚಿದ್ದ ಶಬ್ದ ಇವಳ ಮೂಗನ್ನೂ ಮುಚ್ಚುತ್ತಿತ್ತು.

ಕೈಚಾಚಿ ಪತ್ರ ತೆಗೆದುಕೊಂಡ. ಗಾಡಿಯ ಕುಲುಕಾಟದಲ್ಲಿ ಪೆನ್ನು ಹಾರಿತು. ಆದರೂ ಆ ಒಂದು ಶಬ್ದದ ಮೇಲೆ ಗೆರೆ ಎಳೆದ. ಕೆಳಗೆ ಬರೆದ, ಈ ಸಲ ಯಾವ ಬಾಲವೂ ಇಲ್ಲದ ಅಕ್ಷರದಲ್ಲಿ: ಮೂರು ದಿನದಿಂದ, ಬಲಗಡೆ ನೋವು, ಮಾತು ತಡೆಯುತ್ತದೆ, ನಿನ್ನೆಯಿಂದ ಭ್ರಮೆ, ನಿನ್ನೆಯ ಚಾರ್ಟಿನ ಅಂಕಿಗಳು ತಪ್ಪು. ಹೆಸರು ಬರೆದು ಸಹಿ ಹಾಕಿದ. ಭಾಗ್ಯಾ ಓದಲಾಗದ ಆ ಇಂಗ್ಲಿಷ್ ಸಾಲುಗಳನ್ನು ನೋಡಿದಳು, ಏನು ಬರೆದಿರಿ ಎಂದು ಕೇಳಲಿಲ್ಲ. ಪತ್ರವನ್ನು ಅವನಿಗೆ ಮತ್ತೆ ಹಿಡಿಯಲು ಕೊಡಲಿಲ್ಲ, ತಾನೇ ಇಟ್ಟುಕೊಂಡಳು.

ಕೊಲ್ಹಾಪುರದ ದೊಡ್ಡ ಆಸ್ಪತ್ರೆಯ ತುರ್ತು ಬಾಗಿಲಲ್ಲಿ ಹರೆಯದ ಲೇಡಿ ಡಾಕ್ಟರೊಬ್ಬಳು ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಳ್ಳುತ್ತ ಓಡಿಬಂದಳು. ಸ್ಟ್ರೆಚರಿನ ಜೊತೆಜೊತೆಗೇ ನಡೆಯುತ್ತ ಪತ್ರ ಓದಿದಳು, ಗೆರೆ ಹೊಡೆದ ಜಾಗದಲ್ಲಿ ನಿಂತಳು. "ಕಧೀಪಾಸೂನ?" ಯಾವಾಗಿನಿಂದ, ಎಂದು ಕೇಳಿದಳು. ಭಾಗ್ಯಾ ಮಾಳೇಶನ ಕಡೆ ತಿರುಗಿ ನಿಂತಳು.

"ತೀನ ದಿವಸ," ಎಂದ ಅವನು. ಮೂರು ದಿನ.

"ಮಗ ಕಾಲ ಕಾಯ ಬಘಿತಲಂ ತುಮ್ಹೀ?" ಹಾಗಾದರೆ ನಿನ್ನೆ ನೀವು ಏನು ನೋಡಿದಿರಿ. ಅವಳ ದನಿಯಲ್ಲಿ ಅವಮಾನಿಸುವ ಉದ್ದೇಶವಿರಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕಿತ್ತು.

"ಕಾಹೀ ನಾಹೀ," ಎಂದ ಮಾಳೇಶ. "ಏನೂ ನೋಡಲಿಲ್ಲ."

ಅವಳು ತಲೆಯಿಂದ ಪೆನ್ನು ಕಿತ್ತು ಅದನ್ನೂ ಬರೆದುಕೊಂಡಳು.